ಉಳಿದ ಒಂದು ಕೊಂಬೆ

2023 ಮಾರ್ಚ್ 28, ಮಂಗಳವಾರ. ಅಟ್ಲಾಂಟಾ

ವಿಡಿಯೋ ಕಾಲ್‌ನಲ್ಲಿ ಅಮ್ಮ ಮೊದಲು ಕೇಳಿದ್ದೇ ಅದನ್ನು. "ನಿನ್ನ ಕಾಡುಗಿಡ ಹೂ ಬಿಡ್ತಾ?"

ಫೋನನ್ನು ಬೇಲಿಗೆ ಒತ್ತಿಕೊಂಡಿದ್ದ ಅಜೇಲಿಯಾ ಕೊಂಬೆಗೆ ಹಿಡಿದೆ. ತಿಳಿಗುಲಾಬಿ ಗೊಂಚಲು. ರತ್ನಗಂಧಿಗೆ ಇರುತ್ತಲ್ಲ, ಹಾಗೆ ಉದ್ದುದ್ದ ಕೇಸರಗಳು ಹೊರಗೆ ಚಾಚಿಕೊಂಡಿವೆ. ಎಲೆ ಇನ್ನೂ ಇಲಿಕಿವಿಯಷ್ಟೇ.

"ಅಬ್ಬಾ! ಸವರಿದ್ದು ಒಳ್ಳೇದೇ ಆಯ್ತು ನೋಡು" ಅಂದಳು. ಹೂಂ ಅಂದೆ. ಉಳಿದ ಗಿಡ ತೋರಿಸಲಿಲ್ಲ.

ಕಳೆದ ಅಕ್ಟೋಬರಿನಲ್ಲಿ ಗಿಡ ಅಡ್ಡಾದಿಡ್ಡಿ ಬೆಳೆದಿತ್ತು. ಮಲ್ಲಿಗೆ ಥರ ಸವರಿಬಿಡು, ಹೊಸ ಚಿಗುರಿಗೆ ಹೂ ಜಾಸ್ತಿ ಅಂತ ಅಮ್ಮ ಹೇಳಿದ್ದಳು. ಮಲ್ಲಿಗೆಗೆ ಅದು ಸರಿ. ಈ ಪೀಡ್‌ಮಾಂಟ್ ಅಜೇಲಿಯಾ ಬೇಸಿಗೆಯಲ್ಲೇ ಕೊಂಬೆಯ ತುದಿಗೆ ಮುಂದಿನ ವರ್ಷದ ಮೊಗ್ಗು ಕಟ್ಟಿಟ್ಟುಕೊಳ್ಳುತ್ತದೆ. ಕತ್ತರಿ ಹಾಕುವುದಿದ್ದರೆ ಹೂ ಉದುರಿದ ಕೂಡಲೇ ಹಾಕಬೇಕಿತ್ತು. ಆ ದಪ್ಪ ಮೊಗ್ಗುಗಳು ನೆನಪಿವೆ. ಎಲೆಮೊಗ್ಗು ಅಂದುಕೊಂಡು ಮೂರು ಚೀಲ ತುಂಬಿ ಬೀದಿಗೆ ಇಟ್ಟಿದ್ದೆ.

ಸಂಜೆ ಪಕ್ಕದ ಮನೆ ಅಜ್ಜಿ ನೋಡಿ ನಕ್ಕರು. ಅವರ ಗಿಡ ಮೈತುಂಬಾ ಹೂ, ಪರಿಮಳ ನಮ್ಮ ಜಗಲಿವರೆಗೆ. ಚಳಿಗಾಲದಲ್ಲಿ ಎಲೆ ಉದುರಿಸಿ ಒಣ ಕಡ್ಡಿಯಾಗಿ ನಿಲ್ಲುವ ಇದನ್ನು ಯಾರೂ ಕೊಳ್ಳುವುದಿಲ್ಲವಂತೆ. ಎಲ್ಲರಿಗೂ ಸದಾ ಹಸಿರಾಗಿರುವುದೇ ಬೇಕು. "ಅಂಗಡಿಯ ಅಜೇಲಿಯಾ ನಿಮ್ಮ ಕಡೆಯದು, ಇದು ಈ ಊರಿನದು" ಅಂದರು. ಅಂಗಡಿಯದರ ಮೂಲ ಜಪಾನು. ಅವರ ಲೆಕ್ಕದಲ್ಲಿ ಜಪಾನೂ ನಮ್ಮ ಶಿರಸಿಯೂ ಒಂದೇ ಕಡೆ! ವಾದ ಮಾಡಲಿಲ್ಲ.

ಇಲ್ಲಿನ ಕೆಂಪು ಮಣ್ಣು ನೋಡಿದಾಗೆಲ್ಲ ನಮ್ಮೂರೇ ಅನಿಸುತ್ತೆ. ಆದರೆ ಇದು ಜೇಡಿ, ನೀರು ಇಂಗಲ್ಲ. ಅಜೇಲಿಯಾ ಬೇರು ಆಳಕ್ಕೆ ಹೋಗಲ್ಲ, ನೀರು ನಿಂತರೆ ಕೊಳೆಯುತ್ತೆ. ಅದಕ್ಕೇ ನೆಲಕ್ಕಿಂತ ಎತ್ತರಕ್ಕೆ ನೆಟ್ಟು, ಸುತ್ತ ಪೈನ್ ತೊಗಟೆ ಹೊದಿಸಿದ್ದು. ಅಷ್ಟೆಲ್ಲ ಮಾಡಿ ಕೊನೆಗೆ ಕತ್ತರಿಯಲ್ಲಿ ಕೆಡಿಸಿಕೊಂಡೆ.

ತೆರಿಗೆ ಕಾಗದಗಳು ಹಾಗೇ ಬಿದ್ದಿವೆ. ಮುಟ್ಟಲು ಮನಸ್ಸಿಲ್ಲ.

ಅಮ್ಮ ಜುಲೈಗೆ ಬರುತ್ತಾಳೆ. ಆಗ ಕೆಂಪಗೆ ಹೂ ಬಿಡುವ ಪ್ಲಮ್‌ಲೀಫ್ ಅನ್ನೋ ಅಜೇಲಿಯಾ ಜಾತಿ ಇದೆ, ಜಾರ್ಜಿಯಾ-ಅಲಬಾಮಾ ಗಡಿಯ ಹಳ್ಳದ ದಂಡೆಗಳದು. ಪೈನ್ ಮೌಂಟನ್ ಊರಿನ ಕ್ಯಾಲವೇ ಗಾರ್ಡನ್ಸ್‌ನಲ್ಲಿ ನೋಡಿದ್ದೆ. ಒಂದು ತಂದು ನೆಡಬೇಕು. ಆದರೆ ಜುಲೈ ಅಂದರೆ ಈ ಗಿಡ ಮೊಗ್ಗು ಕಟ್ಟುವ ಹೊತ್ತು. ಅಮ್ಮ ಬಂದ ದಿನವೇ ಅಂಗಳ ಸುತ್ತಿ, ಕತ್ತರಿ ಎಲ್ಲಿ ಅಂತ ಕೇಳುತ್ತಾಳೆ. ಗ್ಯಾರೇಜಿನಲ್ಲಿ ಇಟ್ಟರೆ ಸಿಕ್ಕಿಬಿಡುತ್ತೆ. ಕಾರಿನ ಡಿಕ್ಕಿಯಲ್ಲಿ ಬಚ್ಚಿಡಬೇಕು.