ಚಾಟರ್‌ನ ಮಾದರಿಯಲ್ಲಿ ಟೆನ್ಷನ್‌ಗೆ ಮೊದಲ ಸ್ಥಾನ

ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಬೀಜವನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜರಡಿ ನಡುಗುವುದು ಮೋಟಾರ್ ಅದನ್ನು ನಡುಗಿಸುವುದರಿಂದ. ಉಕ್ಕಿನ ತಗಡನ್ನು ಬಿಸಿ ಮಾಡದೆಯೇ ತೆಳುವಾಗಿಸುವ ಕೋಲ್ಡ್ ರೋಲಿಂಗ್ ಮಿಲ್‌ನಲ್ಲಿ ಕಾಣುವ ‘ಚಾಟರ್’ ಎಂಬ ಕಂಪನ ಆ ಜಾತಿಯದಲ್ಲ. ಒಂದೇ ಸಮನೆ ತಿರುಗುವ ರೋಲುಗಳ ಶಕ್ತಿಯನ್ನೇ ಹೀರಿಕೊಂಡು ಅವನ್ನು ಹೊತ್ತ ಇಡೀ ಚೌಕಟ್ಟು, ಅಂದರೆ ಸ್ಟ್ಯಾಂಡ್, ತನ್ನ ಸಹಜ ಆವರ್ತನದಲ್ಲಿ ತಾನಾಗಿ ನಡುಗತೊಡಗುತ್ತದೆ. ಇಲ್ಲಿನ ಮೆಕ್ಯಾನಿಕಲ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಮಾರ್ಗದರ್ಶನ ಮಾಡುವಾಗ ನಾನು ಈ ವ್ಯತ್ಯಾಸವನ್ನೇ ಮೊದಲು ಒತ್ತಿ ಹೇಳುತ್ತೇನೆ.

ಚಾಟರ್‌ಗಳಲ್ಲಿ ಹೆಚ್ಚು ಹಾನಿ ಮಾಡುವುದು ಸುಮಾರು 125ರಿಂದ 250 ಹರ್ಟ್ಸ್ ನಡುವಿನ ‘ಮೂರನೇ ಆಕ್ಟೇವ್’ ಚಾಟರ್. ನಿಮಿಷಕ್ಕೆ 1,200 ಮೀಟರ್ ವೇಗದಲ್ಲಿ ಸಾಗುವ ತಗಡಿಗೆ 160 ಹರ್ಟ್ಸ್ ಕಂಪನ ತಗುಲಿದರೆ 125 ಮಿಲಿಮೀಟರಿಗೊಮ್ಮೆ ದಪ್ಪ ಏರಿಳಿಯುತ್ತದೆ. ತಡೆಯದಿದ್ದರೆ ತಗಡು ಹರಿದೇ ಹೋಗಬಹುದು.

ಇದರ ಬೇರು ಮುಖ್ಯವಾಗಿ ಟೆನ್ಷನ್‌ನಲ್ಲಿ, ಅಂದರೆ ಸ್ಟ್ಯಾಂಡುಗಳ ನಡುವೆ ತಗಡನ್ನು ಎಳೆದು ಹಿಡಿಯುವ ಬಿಗಿಯಲ್ಲಿದೆ. ಎರಡು ರೋಲುಗಳ ನಡುವಿನ ಅಂತರವಾದ ರೋಲ್ ಗ್ಯಾಪ್ ಕ್ಷಣಕಾಲ ಕಿರಿದಾಯಿತೆಂದುಕೊಳ್ಳೋಣ. ಹೊರಬರುವ ತಗಡು ತೆಳುವಾಗುತ್ತದೆ; ಒಳಹೋಗುವ ಲೋಹವೂ ಹೊರಬರುವ ಲೋಹವೂ ಸಮವಾಗಿರಬೇಕಾದ್ದರಿಂದ ಒಳಹೋಗುವ ತಗಡಿನ ವೇಗ ಇಳಿಯುತ್ತದೆ. ಹಿಂದಿನ ಸ್ಟ್ಯಾಂಡ್ ಮಾತ್ರ ಮೊದಲಿನ ವೇಗದಲ್ಲೇ ತಗಡನ್ನು ಕಳಿಸುತ್ತಿರುವುದರಿಂದ ನಡುವಿನ ಬಿಗಿ ಸಡಿಲವಾಗುತ್ತಾ ಹೋಗುತ್ತದೆ, ಅದು ಸಡಿಲವಾದಷ್ಟೂ ರೋಲಿಂಗ್ ಬಲ ಏರುತ್ತದೆ. ಆದರೆ ಟೆನ್ಷನ್ ಎಂಬುದು ಎರಡು ವೇಗಗಳ ವ್ಯತ್ಯಾಸ ಕಾಲಕ್ರಮದಲ್ಲಿ ಕೂಡುತ್ತಾ ಬಂದ ಮೊತ್ತ. ಹಾಗಾಗಿ ಅದು ಗ್ಯಾಪ್‌ಗಿಂತ 90 ಡಿಗ್ರಿ, ಅಂದರೆ ಕಂಪನದ ಕಾಲು ಸುತ್ತಿನಷ್ಟು, ಹಿಂದೆ ಬೀಳುತ್ತದೆ. ತಡವಾಗಿ ಏರಿದ ಬಲ, ರೋಲ್ ಮೇಲೇರುತ್ತಿರುವ ಹೊತ್ತಿಗೇ ಅದನ್ನು ಮೇಲಕ್ಕೆ ತಳ್ಳುತ್ತದೆ. ರೋಲ್ ಇಳಿಯುವಾಗ ಅದೇ ಬಲ ಕುಗ್ಗಿ ದಾರಿ ಬಿಡುತ್ತದೆ. ಡ್ಯಾಂಪಿಂಗ್ ಎಂದರೆ ಕಂಪನವನ್ನು ತಗ್ಗಿಸುವ ಗುಣ; ಅದಕ್ಕೆ ವಿರುದ್ಧವಾಗಿ ಪ್ರತಿ ಸುತ್ತಿನಲ್ಲೂ ಕಂಪನಕ್ಕೆ ಶಕ್ತಿ ತುಂಬುವ ಇದನ್ನೇ ಋಣಾತ್ಮಕ ಡ್ಯಾಂಪಿಂಗ್ ಎನ್ನುತ್ತಾರೆ.

ಅತ್ಯಂತ ಸರಳ ಗಣಿತದ ಮಾದರಿಯಲ್ಲಿ ಈ ಪರಿಣಾಮ ತಗಡಿನ ವೇಗ ಹೆಚ್ಚಿದಂತೆ ನೇರವಾಗಿ ಹೆಚ್ಚುತ್ತದೆ, ಸ್ಟ್ಯಾಂಡುಗಳ ನಡುವಿನ ದೂರ ಹೆಚ್ಚಿದಂತೆ ಕಡಿಮೆಯಾಗುತ್ತದೆ. ಅದು ಸ್ಟ್ಯಾಂಡಿನ ಸ್ವಂತ ಡ್ಯಾಂಪಿಂಗನ್ನು ಮೀರುವ ವೇಗವೇ ಮಿಲ್‌ನ ಮಿತಿವೇಗ. ಆಪರೇಟರ್ ವೇಗ ಇಳಿಸಿದೊಡನೆ ಚಾಟರ್ ಅಡಗುವುದು ಇದೇ ಕಾರಣಕ್ಕೆ, ಆದರೆ ಆ ಪರಿಹಾರಕ್ಕೆ ಉತ್ಪಾದನೆಯ ಬೆಲೆ ತೆರಬೇಕು.

ಆದ್ದರಿಂದ ಒಂದು ದ್ರವ್ಯರಾಶಿ, ಒಂದು ಸ್ಪ್ರಿಂಗ್, ಒಂದು ಡ್ಯಾಂಪರ್, ಜೊತೆಗೆ ಟೆನ್ಷನ್‌ನ ಸಮೀಕರಣ: ಇಷ್ಟರಿಂದಲೇ ಕೆಲಸ ಆರಂಭಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹೌಸಿಂಗ್, ಬ್ಯಾಕಪ್ ರೋಲ್, ಬೇರಿಂಗ್‌ಗಳನ್ನೆಲ್ಲ ಕಂಪ್ಯೂಟರಿನಲ್ಲಿ ಎಷ್ಟೇ ಸೂಕ್ಷ್ಮವಾಗಿ ಬಿಡಿಸಿದರೂ ಟೆನ್ಷನ್ ಬದಲಾಗುವುದಿಲ್ಲವೆಂದು ಹಿಡಿದರೆ, ಆ ಮಾದರಿ ಸಹಜ ಆವರ್ತನಗಳನ್ನು ಹೇಳೀತೇ ಹೊರತು ಈ ಮಿತಿವೇಗವನ್ನು ಹೇಳಲಾರದು.

ನಂತರ ಸೇರಿಸಬೇಕಾದದ್ದು ಘರ್ಷಣೆ. ಅದು ಅತಿಯಾದರೂ ಚಾಟರ್ ಬರಬಹುದು, ತೀರಾ ಕಡಿಮೆಯಾಗಿ ರೋಲ್ ಜಾರತೊಡಗಿದರೂ ಬರಬಹುದು. ವೇಗದೊಂದಿಗೆ ರೋಲಿಂಗ್ ಎಣ್ಣೆಯ ಪದರದ ದಪ್ಪವೂ ಬದಲಾಗುವುದರಿಂದ ಘರ್ಷಣೆಯನ್ನು ಸ್ಥಿರಾಂಕವಾಗಿ ಇಡಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಡ್ಯಾಂಪಿಂಗ್‌ನ ಮೌಲ್ಯವನ್ನು ಆರಿಸುವಾಗ. ಸರಳ ಮಾದರಿಯಲ್ಲಿ ಅದನ್ನು ಇಮ್ಮಡಿಯಾಗಿ ಹಿಡಿದರೆ ಮಿತಿವೇಗವೂ ಇಮ್ಮಡಿಯಾಗುತ್ತದೆ. ನಿಂತ ಮಿಲ್‌ಗೆ ಸುತ್ತಿಗೆಯಿಂದ ಬಡಿದು ಅಳೆದ ಮೌಲ್ಯ ಓಡುವ ಮಿಲ್‌ಗೆ ಹೊಂದುತ್ತದೆಂಬ ಭರವಸೆಯಿಲ್ಲ. ಹಾಗಾಗಿ ಕಂಪನ ಅಳೆಯುವ ಅಕ್ಸೆಲರೋಮೀಟರನ್ನು ಸ್ಟ್ಯಾಂಡಿಗೆ ಅಂಟಿಸಿ, ತಗಡು ಓಡುತ್ತಿರುವಾಗಲೇ ದತ್ತಾಂಶ ಪಡೆಯಲು ಅನುಮತಿ ಕೇಳಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.