ರಾತ್ರಿ ಊಟ ಬಿಟ್ಟರೂ ಬೆಳಗ್ಗೆ ಶುಗರ್ ಏಕೆ ಏರುತ್ತದೆ?

"ರಾತ್ರಿ ಒಂದು ತುತ್ತೂ ತಿಂದಿಲ್ಲ ಸಾರ್, ಬೆಳಗ್ಗೆ ಶುಗರ್ ನೂರಾ ಹನ್ನೆರಡು ಹೇಗೆ ಬಂತು?" ದಾವಣಗೆರೆಯ ಪ್ರಯೋಗಾಲಯವೊಂದರಲ್ಲಿ ರಕ್ತಪರೀಕ್ಷೆ ಮಾಡುವ ಕೆಲಸ ನನ್ನದು. ವರದಿ ಕೊಡುವ ಹೊತ್ತಿಗೆ ಈ ಪ್ರಶ್ನೆ ಬಾರದ ದಿನವಿಲ್ಲ. ಕೌಂಟರ್‌ನಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ, ಹಾಗಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಆ ಸಕ್ಕರೆ ರಾತ್ರಿಯ ಊಟದ್ದಲ್ಲ. ಎಂಟು ಗಂಟೆಗೆ ಉಂಡ ಮುದ್ದೆಯೋ ಅನ್ನವೋ ಬೆಳಗಿನ ಜಾವಕ್ಕೆ ಮೊದಲೇ ಅರಗಿ ಮುಗಿದಿರುತ್ತದೆ. ಆದರೆ ನಾವು ಮಲಗಿದರೂ ಮಿದುಳು ಮಲಗುವುದಿಲ್ಲ. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಅದೊಂದಕ್ಕೇ ಬೇಕು. ಅದನ್ನು ರಾತ್ರಿಯಿಡೀ ಒದಗಿಸುವುದು ಯಕೃತ್ತು: ಗ್ಲೈಕೋಜೆನ್ ರೂಪದಲ್ಲಿ ಕೂಡಿಟ್ಟುಕೊಂಡ ಸಕ್ಕರೆಯನ್ನು ಕರಗಿಸುತ್ತದೆ, ಜೊತೆಗೆ ಹೊಸದಾಗಿಯೂ ಸಕ್ಕರೆ ತಯಾರಿಸುತ್ತದೆ. ಎಷ್ಟು ಬಿಡಬೇಕು ಎಂಬುದಕ್ಕೆ ಕಡಿವಾಣ ಇನ್ಸುಲಿನ್. ಭದ್ರಾ ನಾಲೆಗೆ ತೂಬು ಇರುವ ಹಾಗೆ ಇದು. ತೂಬು ಸರಿಯಾಗಿ ಮುಚ್ಚದಿದ್ದರೆ ಮಳೆ ಬಾರದ ದಿನವೂ ಗದ್ದೆಯಲ್ಲಿ ನೀರು ನಿಲ್ಲುತ್ತದೆ.

ಬೆಳಗಿನ ಜಾವಕ್ಕೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಮೊದಲಾದವುಗಳ ಪ್ರಭಾವದಿಂದ ಯಕೃತ್ತು ಇನ್ನಷ್ಟು ಸಕ್ಕರೆ ಹೊರಬಿಡುತ್ತದೆ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ತುಸು ಹೆಚ್ಚು ಇನ್ಸುಲಿನ್ ಸುರಿಸಿ ಅದನ್ನು ಸರಿದೂಗಿಸುತ್ತದೆ. ಯಕೃತ್ತು ಇನ್ಸುಲಿನ್ನಿಗೆ ಬಗ್ಗದೆ ಹೋದವರಲ್ಲಿ ಸಂಖ್ಯೆ ಏರುತ್ತದೆ. ಒಂದು ರಾತ್ರಿ ಊಟ ಬಿಟ್ಟ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ವರದಿ ಚೆನ್ನಾಗಿ ಬರಲೆಂದು ಹಿಂದಿನ ರಾತ್ರಿ ಉಪವಾಸವಿದ್ದು, ಸೊರಗಿದ ಮುಖದಲ್ಲಿ ಬರುವ ಹಿರಿಯರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಂದಿನಂತೆ ಉಣ್ಣಿ, ಎಂಟರಿಂದ ಹನ್ನೆರಡು ಗಂಟೆ ಬಿಟ್ಟು, ಬರೀ ನೀರು ಕುಡಿದು ಬನ್ನಿ. ಕುಂದುವಾಡ ಕೆರೆಯ ಸುತ್ತ ಬಿರುಸಿನ ನಡಿಗೆ ಮುಗಿಸಿ ನೇರವಾಗಿ ಬರುವುದೂ ಬೇಡ. ಅದು ರಕ್ತ ಕೊಟ್ಟ ಮೇಲಿರಲಿ.

ಕೆಲವರಿಗೆ ಅನುಮಾನ ಪ್ರಯೋಗಾಲಯದ ಮೇಲೆಯೇ: ಮಾದರಿ ಹೊತ್ತು ಕಳೆದು ಹಾಳಾಗಿ ಸಕ್ಕರೆ ಹೆಚ್ಚಾಗಿರಬಹುದೇ? ನಡೆಯುವುದು ಇದರ ತದ್ವಿರುದ್ಧ. ನಳಿಕೆಯೊಳಗೂ ಕೆಂಪು ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು. ಅದನ್ನು ತಡೆಯಲೆಂದೇ ಫ್ಲೋರೈಡ್ ಹಾಕಿದ ಬೂದು ಮುಚ್ಚಳದ ನಳಿಕೆ ಬಳಸುತ್ತೇವೆ. ಆದರೂ ತಡಮಾಡದೆ ಪರೀಕ್ಷಿಸಬೇಕು. ತಡವಾದರೆ ಸಂಖ್ಯೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ.

ಈಗ ಸಂಖ್ಯೆಗಳು. ಡೆಸಿಲೀಟರ್‌ಗೆ 100 ಮಿ.ಗ್ರಾಂ.ಗಿಂತ ಕಡಿಮೆಯಿದ್ದರೆ ಸಾಮಾನ್ಯ. 100ರಿಂದ 125 ಮಧುಮೇಹ ಪೂರ್ವ ಸ್ಥಿತಿ. 126 ಅಥವಾ ಹೆಚ್ಚು, ಅದೂ ಇನ್ನೊಂದು ದಿನ ಮತ್ತೆ ಪರೀಕ್ಷಿಸಿದಾಗಲೂ ಬಂದರೆ, ಮಧುಮೇಹ. ಇವು ಅಮೆರಿಕದ ಮಧುಮೇಹ ಸಂಘದ ಗೆರೆಗಳು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ ಪೂರ್ವ ಸ್ಥಿತಿಯನ್ನು 110ರಿಂದ ಎಣಿಸುತ್ತದೆ. 104 ಬಂದವರಿಗೆ ಒಬ್ಬ ವೈದ್ಯರು ಎಚ್ಚರಿಕೆ ಹೇಳಿ, ಇನ್ನೊಬ್ಬರು ಪರವಾಗಿಲ್ಲ ಎನ್ನುವುದು ಇದರಿಂದಲೇ. ಇಂದು 99, ಮುಂದಿನ ವಾರ 103 ಬಂದರೆ ದೇಹದಲ್ಲಿ ಏನೋ ಆಗಿಹೋಯಿತು ಎಂದು ಕಂಗಾಲಾಗಬೇಡಿ, ದಿನದಿಂದ ದಿನಕ್ಕೆ ಅಷ್ಟು ಏರಿಳಿತ ಸಹಜ.

ನನಗೆ ಹೆಚ್ಚು ಚಿಂತೆ 112 ಬಂದವರದ್ದಲ್ಲ. 95 ಬಂತೆಂದು ನಿಶ್ಚಿಂತರಾಗಿ ಹೋಗುವವರದ್ದು. ಖಾಲಿ ಹೊಟ್ಟೆಯ ಸಂಖ್ಯೆ ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದಷ್ಟೇ ಹೇಳುತ್ತದೆ, ಅದನ್ನು ಅಲ್ಲಿಗೆ ತರಲು ದೇಹ ಎಷ್ಟು ಹೆಣಗಿತು ಎಂದು ಹೇಳುವುದಿಲ್ಲ. ಇಬ್ಬರಿಗೂ 92 ಎಂದಿಟ್ಟುಕೊಳ್ಳಿ. ಒಬ್ಬರ ರಕ್ತದಲ್ಲಿ ಇನ್ಸುಲಿನ್ 5, ಇನ್ನೊಬ್ಬರಲ್ಲಿ 18. ದೇಹ ಇನ್ಸುಲಿನ್ನಿಗೆ ಎಷ್ಟು ಬಗ್ಗುತ್ತಿಲ್ಲ ಎಂದು ಅಂದಾಜಿಸಲು 1985ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ರೂಪಿಸಿದ ಹೋಮಾ ಲೆಕ್ಕದಲ್ಲಿ ಸಕ್ಕರೆಯನ್ನು ಇನ್ಸುಲಿನ್ನಿನಿಂದ ಗುಣಿಸಿ 405ರಿಂದ ಭಾಗಿಸುತ್ತಾರೆ. ಮೊದಲನೆಯವರಿಗೆ ಸುಮಾರು 1.1, ಎರಡನೆಯವರಿಗೆ 4.1. ಎರಡನೆಯವರ ಗ್ರಂಥಿ ಮೂರು ಪಟ್ಟಿಗೂ ಹೆಚ್ಚು ದುಡಿದು ಅದೇ 92 ತಂದಿದೆ. ಹೀಗೆ ವರ್ಷಗಟ್ಟಲೆ ದುಡಿದು ಸೋತ ಮೇಲೆಯೇ ಬೆಳಗಿನ ಸಂಖ್ಯೆ ಏರುವುದು. ಹಾಗೆಂದು ಎಲ್ಲರೂ ಇನ್ಸುಲಿನ್ ಪರೀಕ್ಷೆಗೆ ದುಡ್ಡು ಸುರಿಯಬೇಕಿಲ್ಲ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಆ ಅಳತೆ ಬದಲಾಗುತ್ತದೆ. ವೈದ್ಯರು ಬರೆದುಕೊಟ್ಟರೆ ಮಾತ್ರ ಮಾಡಿಸಿ.

ಅದಕ್ಕಿಂತ ಮೊದಲು ಒಂದು ಟೇಪು ಹಿಡಿದು ಸೊಂಟ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ, ಕೈಕಾಲು ಸಣ್ಣಗಿದ್ದರೂ, ಅನುಮಾನ ಪಡಲೇಬೇಕು. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ನಮ್ಮವರ ಕಷ್ಟ ಇದರಲ್ಲೇ ಇದೆ. ತೆಳ್ಳಗೆ ಕಾಣುತ್ತೇವೆ, ಸ್ನಾಯು ಕಡಿಮೆ, ಕೊಬ್ಬು ಹೊಟ್ಟೆಯೊಳಗೆ. ಎಪಿಎಂಸಿಯಲ್ಲಿ ಲೆಕ್ಕ ಬರೆಯುವ ಸಣಕಲು ಮೈಯವರೊಬ್ಬರಿಗೆ ಖಾಲಿ ಹೊಟ್ಟೆಯಲ್ಲಿ 97 ಇತ್ತು, ತಿಂಡಿಯಾಗಿ ಎರಡು ಗಂಟೆಗೆ 186. ಆದ್ದರಿಂದ ಊಟದ ನಂತರದ್ದನ್ನೂ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನೂ ಜೊತೆಯಲ್ಲಿಟ್ಟು ನೋಡಬೇಕು. ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಈ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಹೆಣ್ಣುಮಕ್ಕಳು ಹಿಮೋಗ್ಲೋಬಿನ್ ವರದಿಯನ್ನೂ ವೈದ್ಯರ ಮುಂದಿಡಿ.

ಊಟವಾದ ಮೇಲೆ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಸ್ನಾಯು. ದುಡಿಯುವ ಸ್ನಾಯು ಇನ್ಸುಲಿನ್ನಿನ ನೆರವಿಲ್ಲದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ. ಉಂಡ ಮೇಲೆ ಹದಿನೈದು ನಿಮಿಷ ನಡೆಯಿರಿ ಎಂದು ನಾನು ಎಲ್ಲರಿಗೂ ಗಂಟು ಬೀಳುವುದು ಇದಕ್ಕಾಗಿ. "ಬರೀ ಮಂಡಕ್ಕಿ ತಿಂದೆ" ಎನ್ನುವ ನಮ್ಮೂರಿನ ಸಮಾಧಾನ ಮಾತ್ರ ಬಿಡಬೇಕು. ಮಂಡಕ್ಕಿ ಕೈಗೆ ಹಗುರ, ರಕ್ತಕ್ಕೆ ಅಲ್ಲ. ಅರಳಿದ ಅಕ್ಕಿ ಬಹಳ ಬೇಗ ಸಕ್ಕರೆಯಾಗುತ್ತದೆ. ತಿನ್ನುವುದಾದರೆ ಒಂದು ಹಿಡಿ, ಶೇಂಗಾ, ಈರುಳ್ಳಿ, ಸೌತೆಕಾಯಿ ಬೆರೆಸಿ.

ಈಗಾಗಲೇ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆಳಗಿನ ಸಂಖ್ಯೆ ನೋಡಿ ತಾವೇ ಪ್ರಮಾಣ ಏರಿಸಬಾರದು. ರಾತ್ರಿ ಮಲಗುವಾಗ, ನಸುಕಿನ ಮೂರಕ್ಕೆ, ಎದ್ದ ಕೂಡಲೇ, ಹೀಗೆ ಎರಡು ಮೂರು ದಿನ ಮನೆಯ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಟ್ಟುಕೊಳ್ಳಿ. ಸಕ್ಕರೆ ಮೂರಕ್ಕೇ ಏರಿತ್ತೋ, ತೀರಾ ಇಳಿದಿತ್ತೋ, ಜಾವದಲ್ಲಷ್ಟೇ ಏರಿತೋ ಎಂಬುದರ ಮೇಲೆ ವೈದ್ಯರು ಮಾತ್ರೆಯನ್ನೂ ಅದರ ಹೊತ್ತನ್ನೂ ನಿರ್ಧರಿಸುತ್ತಾರೆ.