ಮೂರೇ ಕ್ಲಿಕ್ಕಿಗೆ ಕದ್ದ ನಕ್ಷೆ

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನೋಡಿದ್ದು 1950ರ ದಶಕದ ಕೊನೆಯ ಒಂದು ಬ್ರಿಟಿಷ್ ಪತ್ತೇದಾರಿ ಚಿತ್ರ. ಕಪ್ಪು ಬಿಳುಪು, 62 ನಿಮಿಷ. ಹೆಸರು ಹೇಳಿ ಮರ್ಯಾದೆ ಕಳೆಯುವುದು ಬೇಡ. ಕಾರ್ಖಾನೆಯೊಂದರ ಹೊಸ ಎಂಜಿನ್ ನಕ್ಷೆ ಎದುರಾಳಿ ಕಂಪನಿಗೆ ಸೋರಿಹೋಗುತ್ತಿದೆ. ಕಳ್ಳ ಯಾರೆಂದು ಹತ್ತನೇ ನಿಮಿಷಕ್ಕೇ ಗೊತ್ತಾಗುತ್ತದೆ: ಎಲ್ಲರಿಗಿಂತ ಒಳ್ಳೆಯ ಸೂಟು ತೊಟ್ಟವನು.

ಇಂಥ ಚಿತ್ರಗಳ ಬೇರು ಹಳೆಯದು. 1927ರ ಸಿನಿಮಟೊಗ್ರಾಫ್ ಫಿಲ್ಮ್ಸ್ ಕಾಯ್ದೆ, ಚಿತ್ರಮಂದಿರಗಳು ಇಂತಿಷ್ಟು ಬ್ರಿಟಿಷ್ ಚಿತ್ರ ತೋರಿಸಲೇಬೇಕೆಂದಿತು. 1936ರ ಹೊತ್ತಿಗೆ ಆ ಪಾಲು ಶೇ. 20ಕ್ಕೆ ಏರಿತು. ಆ ಪಾಲು ತುಂಬಿಸಲು, ಫಿಲ್ಮಿನ ಅಡಿಗೊಂದು ಪೌಂಡಿನ ಲೆಕ್ಕದಲ್ಲಿ ಅಗ್ಗದ ಚಿತ್ರ ಸುತ್ತುವ ಚಾಳಿ ಶುರುವಾದದ್ದು ಈ ಕಾಯ್ದೆಯಿಂದ. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ, ಆ ಲೆಕ್ಕಕ್ಕೆ ಈ ಚಿತ್ರ 5,580 ಅಡಿ. ಐವತ್ತರ ದಶಕಕ್ಕೆ ಖರ್ಚು ಏರಿತ್ತು, ಬುದ್ಧಿ ಮಾತ್ರ ಅದೇ. ದೊಡ್ಡ ಚಿತ್ರದ ಜೊತೆಗೆ ತೋರಿಸುತ್ತಿದ್ದ ಈ ಜೋಡಿ ಚಿತ್ರಕ್ಕೆ ಸಾಮಾನ್ಯವಾಗಿ ಟಿಕೆಟ್ ಗಳಿಕೆಯಲ್ಲಿ ಪಾಲಿರಲಿಲ್ಲ, ಗೊತ್ತಾದ ಬಾಡಿಗೆ ಅಷ್ಟೇ. ಚೆನ್ನಾಗಿ ತೆಗೆದವನಿಗೂ ಅಷ್ಟೇ, ಹೇಗೋ ತೆಗೆದವನಿಗೂ ಅಷ್ಟೇ.

ಕಾರಿನ ಹಿಂಗಾಜಿನಲ್ಲಿ ಲಂಡನ್ ಓಡುತ್ತದೆ. ಸ್ಟುಡಿಯೊದಲ್ಲಿ ನಿಂತ ಕಾರಿನ ಹಿಂದೊಂದು ಪರದೆ, ಅದರಾಚೆ ಬೀದಿಯ ಚಿತ್ರ ಬಿಡುವ ಪ್ರೊಜೆಕ್ಟರ್. ಅದರ ಶಟರೂ (ಬೆಳಕನ್ನು ಬಿಟ್ಟು ತಡೆಯುವ ಮುಚ್ಚಳ) ಕ್ಯಾಮೆರಾದ ಶಟರೂ ಒಟ್ಟಿಗೆ ತೆರೆಯಬೇಕು, ಇಲ್ಲವಾದರೆ ಹಿನ್ನೆಲೆ ಮಿನುಗುತ್ತದೆ. ಇಲ್ಲಿ ಅದು ಸರಿಯಿದೆ. ಕೆಟ್ಟಿರುವುದು ಬೆಳಕು: ಪರದೆಯ ನಡುವೆ ಪ್ರಖರ, ಅಂಚಿಗೆ ಮಂಕು. ಬೀದಿಗಳು ಎಷ್ಟೇ ಸರಿದುಹೋದರೂ ಒಂದು ಹೊಳಪು ಮಾತ್ರ ಡ್ರೈವರನ ಕಿವಿಯ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ.

ಇದೆಲ್ಲ ಕ್ಷಮಿಸಬಹುದು. ಕ್ಷಮಿಸಲಾಗದ್ದು ಕಳ್ಳತನದ ದೃಶ್ಯ, ಅದೂ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ರಾತ್ರಿ, ಕಚೇರಿ, ಮೇಜಿನ ದೀಪ. ಕಳ್ಳ ಸುಮಾರು 70 × 100 ಸೆಂ.ಮೀ. ನಕ್ಷೆಯ ಸುರುಳಿ ಬಿಚ್ಚಿ, ಜೇಬಿನಿಂದ ಮಿನಾಕ್ಸ್ ಎಂಬ ಪುಟಾಣಿ ಕ್ಯಾಮೆರಾ ತೆಗೆದು, ನಿಂತಲ್ಲೇ ಮೂರು ಸಲ ಕ್ಲಿಕ್ಕಿಸಿ ಹೊರಡುತ್ತಾನೆ.

ಮಿನಾಕ್ಸನ್ನು ಪ್ರತಿ ಚಿತ್ರಕ್ಕೂ ಒಮ್ಮೆ ಮುಚ್ಚಿ, ಮತ್ತೆ ಎಳೆದು ತೆರೆಯಬೇಕು. ಫಿಲ್ಮು ಮುಂದೆ ಸರಿಯುವುದೇ ಹಾಗೆ. ಈ ಮಹಾಶಯ ಎಳೆಯುವುದೇ ಇಲ್ಲ, ಬರೀ ಒತ್ತುತ್ತಾನೆ. ಕ್ಯಾಮೆರಾದ ಜೊತೆಗೆ ಬರುವ ಸರಪಳಿಯೂ ಅಲಂಕಾರಕ್ಕಲ್ಲ. ಅದರ ಗುರುತುಗಳು ಕಾಗದದಿಂದ 20, 24, 30, 40 ಸೆಂ.ಮೀ. ದೂರವನ್ನು ಅಳೆದುಕೊಡುತ್ತವೆ. ಲೆನ್ಸಿನ ತೆರಪು ಎಫ್/3.5ಕ್ಕೇ ಸ್ಥಿರ, ಅದನ್ನು ಕಿರಿದು ಮಾಡಿ ಸ್ಪಷ್ಟತೆಯ ಹರವು ಹೆಚ್ಚಿಸುವಂತಿಲ್ಲ. ಆದ್ದರಿಂದ 20 ಸೆಂ.ಮೀ.ನಲ್ಲಿ ಒಂದು ಸೆಂಟಿಮೀಟರ್ ಆಚೀಚೆಯಾದರೂ ಗೆರೆ ಮಸುಕು. ಸುರುಳಿಯಾಗಿದ್ದ ಹಾಳೆಯ ಅಂಚು ಎದ್ದೇ ಇರುತ್ತದೆ, ಮೂಲೆಗೊಂದು ಭಾರ ಇಡದೆ ಆಗದು. 40 ಸೆಂ.ಮೀ.ನಿಂದ ಒಂದು ಚಿತ್ರದಲ್ಲಿ ಹೆಚ್ಚುಕಡಿಮೆ ಎ4 ಹಾಳೆಯಷ್ಟೇ ಹಿಡಿಯುತ್ತದೆ. ಅಂಚುಗಳು ಒಂದರ ಮೇಲೊಂದು ಬರುವಂತೆ ತೆಗೆದರೆ ಈ ನಕ್ಷೆಗೆ 18 ಚಿತ್ರ ಬೇಕು. ಆಗಿನ ಒಂದು ಫಿಲ್ಮ್ ಸುರುಳಿಯಲ್ಲಿ 50 ಇರುತ್ತಿದ್ದುದರಿಂದ ಫಿಲ್ಮಿಗೇನೂ ಬರವಿಲ್ಲ. ಬರ ಬೆಳಕಿಗೆ. ಸಣ್ಣ ಗೆರೆಯನ್ನೂ ಹಿಡಿಯುವ, ಆದರೆ ಹೆಚ್ಚು ಬೆಳಕು ಬೇಡುವ ನುಣುಪು ಕಣದ ನಿಧಾನ ಫಿಲ್ಮಿಗೆ ಒಂದು ಮೇಜಿನ ದೀಪದಲ್ಲಿ ಕಾಲು ಸೆಕೆಂಡಿಗೂ ಹೆಚ್ಚು ಹೊತ್ತು ಶಟರ್ ತೆರೆದಿರಬೇಕಾಗುತ್ತದೆ, ಅಷ್ಟು ಹೊತ್ತು ಯಾರ ಕೈಯೂ ಅಲುಗದೆ ನಿಲ್ಲದು. ಬಲ್ಲವರು ಸ್ಟ್ಯಾಂಡ್ ಹಾಕಿ, ಎರಡೂ ಬದಿಗೆ 45 ಡಿಗ್ರಿಯಲ್ಲಿ ಒಂದೊಂದು ದೀಪ ಇಡುತ್ತಾರೆ. ನೆತ್ತಿಯ ಮೇಲೆ ಒಂದೇ ದೀಪ ಇಟ್ಟರೆ ಕಾಗದ ಹೊಳೆದು ನಡುವಿನ ಗೆರೆಗಳು ಮಾಯ, ಮೇಲಾಗಿ ಕ್ಯಾಮೆರಾದ ನೆರಳು.

ಇಷ್ಟನ್ನೂ ಸರಿಯಾಗಿ ತೋರಿಸಿದ್ದರೆ, ಹದಿನೆಂಟು ಸಲ ಎಳೆದು ಒತ್ತುವ ಆ ಶಬ್ದ, ಹೊರಗೆ ಕಾವಲುಗಾರನ ಬೂಟಿನ ಸದ್ದು, ಐದು ನಿಮಿಷದ ಒಳ್ಳೆಯ ದೃಶ್ಯ ಪುಕ್ಕಟೆಯಾಗಿ ಸಿಗುತ್ತಿತ್ತು. ಹೊಸ ಸೆಟ್ಟೂ ಬೇಡ, ಹೊಸ ನಟರೂ ಬೇಡ.

ಕೊನೆಗೆ ಪತ್ತೇದಾರ ಕಳ್ಳನ ಜೇಬಿನಿಂದ ಫಿಲ್ಮು ಎಳೆದು, ಕಿಟಕಿಯ ಬೆಳಕಿಗೆ ಹಿಡಿದು, ನಕ್ಷೆಯ ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾನೆ. ಮಿನಾಕ್ಸಿನ ಒಂದು ನೆಗೆಟಿವ್ 8 × 11 ಮಿ.ಮೀ., ಹೆಬ್ಬೆರಳ ಉಗುರಿಗಿಂತ ಚಿಕ್ಕದು. ನಕ್ಷೆಯಲ್ಲಿ 3 ಮಿ.ಮೀ. ಎತ್ತರವಿದ್ದ ಅಂಕಿ, 40 ಸೆಂ.ಮೀ.ನಿಂದ ತೆಗೆದಿದ್ದರೂ, ಅದರಲ್ಲಿ 0.12 ಮಿ.ಮೀ. ಆಗಿರುತ್ತದೆ. ಪತ್ತೇದಾರ ಕನ್ನಡಕವನ್ನೂ ಹಾಕಿಕೊಂಡಿರಲಿಲ್ಲ.